ಅಪ್ಪನ ಕಾರಿಗೆ ನಾನೇ ಕ್ಲಚ್ ಹಾಕಿದ್ದು

ಗೊತ್ತಿಲ್ಲದ ಕೆಲಸಕ್ಕೆ ಕೈಹಾಕಿ ಪೇಚಿಗೆ ಸಿಕ್ಕಿಕೊಳ್ಳುವುದು ನನಗೆ ವರ್ಷಕ್ಕೆ ಒಂದೆರಡು ಸಲವಾದರೂ ಆಗುತ್ತಲೇ ಇರುತ್ತದೆ. ಮಿಕ್ಸಿ, ಸೀಲಿಂಗ್ ಫ್ಯಾನು, ಪಕ್ಕದ ಮನೆಯವರ ನಲ್ಲಿ, ಎಲ್ಲವೂ ಒಮ್ಮೆ ನನ್ನ ಕೈಯಲ್ಲಿ ನರಳಿವೆ. ಆಮೇಲೆ ಅದನ್ನೆಲ್ಲ ಹೇಳಿಕೊಂಡು ನಕ್ಕದ್ದೂ ಆಗಿದೆ. ಈ ಕ್ಲಚ್ಚಿನ ಕಥೆಯನ್ನು ಮಾತ್ರ ನಕ್ಕು ಮುಗಿಸಲು ಆಗುತ್ತಿಲ್ಲ. ಕೇಳಿದವರು ನಗುತ್ತಾರೆ, ಜೊತೆಗೆ ನಾನೂ ನಗುತ್ತೇನೆ, ಮನೆಗೆ ಬಂದು ಅಮ್ಮನ ಮುಖ ನೋಡಿದರೆ ನಗು ನಿಂತುಬಿಡುತ್ತದೆ.

ನಮ್ಮದು ಕುಂದಾಪುರದ ಕಡೆಯ ಮನೆತನ. ಅಪ್ಪ ಊರು ಬಿಟ್ಟು ತಮಿಳು ಸೀಮೆಗೆ ಬಂದು, ನುಂಗಂಬಾಕ್ಕಂನ ಒಂದು ಹೋಟೆಲಿನಲ್ಲಿ ನಲವತ್ತು ವರ್ಷ ಅಡುಗೆಭಟ್ಟರಾಗಿದ್ದರು. ನಿವೃತ್ತರಾದ ಮೇಲೆ ಆ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಆಸೆಪಟ್ಟು ಒಂದು ಸಣ್ಣ ಕಾರು ಕೊಂಡರು. ಅವರು ಹೋಗಿ ಆರು ವರ್ಷವಾಯಿತು. ಕಾರು ಈಗ ನನ್ನ ಹತ್ತಿರ ಇದೆ.

ಈ ವರ್ಷ ಆ ಹೋಟೆಲು ಮುಚ್ಚುವುದೆಂದಾಯಿತು. ಕೊನೆಯ ದಿನ, ಭಾನುವಾರ ಮಧ್ಯಾಹ್ನ, ಹಳೆಯ ಕೆಲಸಗಾರರ ಮನೆಯವರಿಗೆಲ್ಲ ಬಾಳೆಲೆ ಊಟ ಅಂತ ಮಾಲೀಕರು ಅಮ್ಮನಿಗೆ ಫೋನು ಮಾಡಿ ಕರೆದರು. ಅಮ್ಮನಿಗೆ ಎಪ್ಪತ್ತೆಂಟು. ಗಂಡ ಅಷ್ಟು ವರ್ಷ ದುಡಿದ ಜಾಗದಲ್ಲಿ ಅವಳು ಒಂದು ದಿನವೂ ಎಲೆ ಮುಂದೆ ಕೂತು ಉಂಡವಳಲ್ಲ. ಭಟ್ಟರ ಹೆಂಡತಿ ಗಿರಾಕಿಯ ಹಾಗೆ ಹೋಗಿ ಕೂರುವುದು ಹೇಗೆ ಅನ್ನುವ ಸಂಕೋಚ. ಫೋನು ಇಟ್ಟವಳೇ, "ಈ ಸಲ ಒಂದು ಹೋಗಿ ಬರ್ಬೇಕು ಮಾಣಿ" ಅಂದಳು. ಅಮ್ಮ ಬಾಯಿಬಿಟ್ಟು ತನಗೆ ಇಂಥದ್ದು ಬೇಕು ಅಂದದ್ದು ನನಗೆ ನೆನಪಿರುವಂತೆ ಅದೊಂದೇ ಸಲ. ಅಪ್ಪನ ಕಾರಲ್ಲೇ ಕರ್ಕೊಂಡು ಹೋಗ್ತೇನೆ ಅಂತ ಮಾತು ಕೊಟ್ಟೆ. ಮರುದಿನವೇ ಕಾರಿನ ಕ್ಲಚ್ ಕೈಕೊಟ್ಟಿತು.

೧. ಸ್ಟೋರ್ಸಿನಲ್ಲಿದ್ದವ

ಅಡ್ಯಾರಿನ ನಮ್ಮ ಬೀದಿ ಕೊನೆಯಲ್ಲಿರುವ ಮೆಕ್ಯಾನಿಕ್ ಕಾರು ನೋಡಿ, ಕ್ಲಚ್ ಪ್ಲೇಟ್ ಪೂರ್ತಿ ಸವೆದುಹೋಗಿದೆ, ಕೈತುಂಬ ಕೆಲಸ ಇದೆ, ಮುಂದಿನ ವಾರ ನೋಡೋಣ ಅಂದ. ಅವತ್ತು ಮಂಗಳವಾರ. ಮನೆಗೆ ಬಂದು ಮೊಬೈಲಿನಲ್ಲಿ ಮೂರು ವೀಡಿಯೋ ನೋಡಿದೆ. ಒಬ್ಬನಂತೂ ಹದಿನೆಂಟೇ ನಿಮಿಷದಲ್ಲಿ ಹಳೆ ಕ್ಲಚ್ ತೆಗೆದು ಹೊಸದು ಹಾಕಿ ಕೈತೊಳೆದುಕೊಂಡ. ನನಗೆ ಐದು ದಿನ ಇತ್ತು. ಧಾರಾಳವಾಯಿತು ಅಂದುಕೊಂಡೆ.

ಟ್ಯಾಕ್ಸಿ ಕರೆದರೆ ಅರ್ಧ ಗಂಟೆಯಲ್ಲಿ ನುಂಗಂಬಾಕ್ಕಂ ಅಂದಳು ಹೆಂಡತಿ. ಆ ಬಾಗಿಲಲ್ಲಿ ಅಪ್ಪನ ಕಾರಿಂದ ಇಳಿಯಬೇಕು ಅಂತ ಅಮ್ಮನಿಗೆ ಇರ್ತದೆ, ನಿನಗೆ ಅದೆಲ್ಲ ಅರ್ಥ ಆಗುವುದಿಲ್ಲ ಅಂದೆ. ಅಮ್ಮ ಅಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದಳು. ತಲೆ ಬಗ್ಗಿಸಿ ಇನ್ನೊಂದು ಬತ್ತಿಗೆ ಹತ್ತಿ ಎತ್ತಿಕೊಂಡಳು.

ಗಿಂಡಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಇದ್ದವ ನಾನು, ಒಂದು ಕ್ಲಚ್ ಹಾಕ್ಲಿಕ್ಕೆ ಆಗುವುದಿಲ್ವಾ ಅಂತ ಹೆಂಡತಿಯನ್ನು ಕೇಳಿದೆ.

"ಸ್ಟೋರ್ಸಲ್ಲಿ ಇದ್ರಿ" ಅಂದಳು. "ಬೆಳಿಗ್ಗೆ ಬೇರೆಯವರಿಗೆ ಸ್ಪ್ಯಾನರ್ ಕೊಟ್ಟು ಸಂಜೆ ವಾಪಸ್ ಇಸ್ಕೊಳ್ತಾ ಇದ್ರಿ."

೨. ಅಡುಗೆಮನೆ ಕೆಳಗಿಳಿದದ್ದು

ಮೊದಲು ಗೇರ್ ಬಾಕ್ಸಿನ ಎಣ್ಣೆ ಇಳಿಸಬೇಕು. ಅದಕ್ಕೆ ಅಗಲ ಬಾಯಿಯ ಪಾತ್ರೆ ಬೇಕು. ಅಟ್ಟದ ಮೇಲಿದ್ದ ದೊಡ್ಡ ಸ್ಟೀಲ್ ಕೊಳಗವನ್ನು ಕೆಳಗೆ ಪಾರ್ಕಿಂಗಿಗೆ ತಂದೆ. ಹಬ್ಬದ ಪಾಯಸ ಮಾಡುವುದು ಅದರಲ್ಲೇ ಅನ್ನುವುದು ಕಪ್ಪು ಎಣ್ಣೆ ಅರ್ಧ ತುಂಬಿದ ಮೇಲೆ ನೆನಪಾಯಿತು.

ಬಿಚ್ಚಿದ ಬೋಲ್ಟುಗಳು ಒಂದಕ್ಕೊಂದು ಬೆರೆಯಬಾರದು ಅಂತ ವೀಡಿಯೋದವನು ನಾಲ್ಕು ಸಲ ಹೇಳಿದ್ದ. ಬೇರೆ ಬೇರೆ ಬಟ್ಟಲು ಇರುವುದು ಮನೆಯಲ್ಲಿ ಒಗ್ಗರಣೆ ಡಬ್ಬಿಗೆ ಮಾತ್ರ. ಸಾಸಿವೆ ಬಟ್ಟಲಿಗೆ ಸಣ್ಣ ಬೋಲ್ಟು, ಮೆಂತ್ಯದ ಬಟ್ಟಲಿಗೆ ದೊಡ್ಡದು. ಸಾಸಿವೆ ಮೆಂತ್ಯ ಎರಡನ್ನೂ ಪೇಪರಿನಲ್ಲಿ ಸುರಿದಿಟ್ಟೆ. ಒಂದೇ ಪೇಪರಿನಲ್ಲಿ.

ಆಮೇಲೆ ಹೊಸ ಪ್ಲೇಟನ್ನು ಸರಿಯಾಗಿ ನಡುಮಧ್ಯಕ್ಕೆ ಕೂರಿಸಲು ಒಂದು ದುಂಡನೆಯ ಕೋಲು ಬೇಕಿತ್ತು. ಕಡಗೋಲಿನ ಹಿಡಿಗೆ ಟೇಪು ಸುತ್ತಿ ವೀಡಿಯೋದವನು ತೋರಿಸಿದ ಅಳತೆಗೆ ಹಿಡಿದು ನೋಡಿದರೆ ಹೇಳಿ ಮಾಡಿಸಿದ ಹಾಗಿತ್ತು. ನನಗೆ ನನ್ನ ಮೇಲೇ ಮೆಚ್ಚುಗೆ ಬಂತು.

ಬುಧವಾರ ಸಂಜೆ ಹೆಂಡತಿ ಹುಡುಕಿಕೊಂಡು ಕೆಳಗೆ ಬಂದಳು. ಕೊಳಗ ನೋಡಿದಳು, ಡಬ್ಬಿ ನೋಡಿದಳು, ಕಡಗೋಲು ನೋಡಿದಳು. ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ.

"ಒಂದು ಸ್ಪ್ಯಾನರ್ ಕೊಡಿ" ಅಂದಳು. "ಮೇಲೆ ಮಜ್ಜಿಗೆ ಕಡೀಬೇಕು."

೩. ಮೇಲ್ಮನೆ ಸಾರ್

ನಮ್ಮ ಮೇಲಿನ ಮನೆಯಲ್ಲಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದ ತಮಿಳು ಮೇಷ್ಟ್ರು ಒಬ್ಬರಿದ್ದಾರೆ. ಗುರುವಾರ ಅವರೇ ಟಾರ್ಚು ಮತ್ತು ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ನೆರವಿಗೆ ಬಂದರು. ಕುರ್ಚಿ ಹಾಕಿಕೊಂಡು ಕೂತು, ಟಾರ್ಚು ಹೊತ್ತಿಸಿ, ಕ್ಲಚ್ ಯಾಕೆ ಕೆಲಸ ಮಾಡುತ್ತದೆ ಅನ್ನುವುದನ್ನು ತಮಿಳಿನಲ್ಲಿ ವಿವರಿಸಿದರು. ಅವರ ಕೈ ಆಡಿದ ಕಡೆಗೆಲ್ಲ ಟಾರ್ಚಿನ ಬೆಳಕೂ ಆಡುತ್ತಿತ್ತು. ನಾನು ಕಾರಿನಡಿ ಅಂಗಾತ ಮಲಗಿ ಕತ್ತಲಲ್ಲೇ ಕೊನೆಯ ಬೋಲ್ಟು ಬಿಚ್ಚಿದೆ. ಗೇರ್ ಬಾಕ್ಸು ಜಾಕಿನ ಮೇಲಿಂದ ಮೆಲ್ಲಗೆ ಜಾರಿ ಬಂದು ನನ್ನ ಹೊಟ್ಟೆ ಮೇಲೆ ಕೂತಿತು.

ಉಸಿರು ಬಿಡುವುದು ಕಷ್ಟ, ಎಳೆದುಕೊಳ್ಳುವುದು ಇನ್ನೂ ಕಷ್ಟ. ಸಾರ್, ಎತ್ತಿ ಸಾರ್ ಅಂತ ಇದ್ದಷ್ಟು ಉಸಿರಲ್ಲಿ ಕರೆದೆ. ಅವರು ಬಗ್ಗಿ ನೋಡಿದರು. ಎತ್ತುವ ಮೊದಲು ಭಾರ ತಿಳಿದುಕೊಳ್ಳಬೇಕಲ್ಲ, ಮೂವತ್ತು ಕಿಲೋ ಇರಬಹುದಾ ಅಂತ ಕೇಳಿದರು. ನನಗೇನು ಗೊತ್ತು ಸಾರ್ ಅಂದೆ.

"ಸರಿಯಾಗಿ ಹೇಳುವುದಿದ್ದರೆ ನೀವೇ ಹೇಳಬೇಕು" ಅಂದರು. "ಸದ್ಯಕ್ಕೆ ಅದು ನಿಮ್ಮ ಮೇಲೇ ಇದೆ."

೪. ದೇವರ ಮುಂದೆ ಇಟ್ಟ ಪ್ಲೇಟು

ಶುಕ್ರವಾರ ಹೊಸ ಪ್ಲೇಟ್ ಬಂತು. ಇದಕ್ಕೆ ಒಂದು ತೊಟ್ಟು ಎಣ್ಣೆ ತಾಗಿದರೂ ಹಿಡಿತ ಹೋಗುತ್ತದೆ, ಪಟ್ಟ ಪಾಡೆಲ್ಲ ವ್ಯರ್ಥ, ಬರಿಗೈಯಲ್ಲಿ ಮುಟ್ಟಲೂ ಬೇಡಿ ಅಂತ ಮೂರು ವೀಡಿಯೋದವರೂ ಹೇಳಿದ್ದರು. ನಮ್ಮ ಮನೆಯಲ್ಲಿ ಹೊಸದಾಗಿ ಏನು ಬಂದರೂ ಮೊದಲು ದೇವರ ಮುಂದೆ ಇಡಬೇಕು. ಹಾಗೆ ಇಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡುತ್ತೇನೆ, ಪ್ಲೇಟು ಮಣೆಯ ಮೇಲೆ ಕೂತಿದೆ. ಸುತ್ತಲೂ ಬೊಟ್ಟು ಬೊಟ್ಟಾಗಿ ಕುಂಕುಮ, ಕುಂಕುಮ ಉದುರದ ಹಾಗೆ ಅಡಿಯಲ್ಲಿ ತುಪ್ಪ, ನಡುವಿನ ತೂತಿನಲ್ಲಿ ತುಳಸಿ. ಅಮ್ಮ ಅದನ್ನು ಮಗುಚಿ ಹಿಂದಿನ ಮೈಗೂ ಹಚ್ಚುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು.

"ಹೊಸ ಕಾವಲಿ ತಂದ್ರೆ ನಿಮ್ಮಪ್ಪ ತುಪ್ಪ ಹಚ್ಚದೆ ಒಲೆ ಮೇಲೆ ಇಡ್ತಿರ್ಲಿಲ್ಲ" ಅಂದಳು. "ಇಲ್ಲದಿದ್ರೆ ದೋಸೆ ಹಿಡೀತದೆ."

ಹಿಡಿಯುವುದೇ ಅದರ ಕೆಲಸ ಅಂತ ಅವಳಿಗೆ ಹೇಳುವ ಮನಸ್ಸಾಗಲಿಲ್ಲ. ಅಪ್ಪ ಹೋದ ಮೇಲೆ ಅವಳು ಅಷ್ಟು ಖುಷಿಯಲ್ಲಿ ಒಂದು ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಇನ್ನೊಂದು ಪ್ಲೇಟ್ ತರಬಹುದಿತ್ತು. ಸೋಪು ಹಾಕಿ ಉಜ್ಜಿದರೆ ಅಮ್ಮ ನೋಡುತ್ತಾಳೆ ಅಂತ, ಮೆಟ್ಟಿಲ ಮರೆಯಲ್ಲಿ ನಿಂತು ಪಂಚೆ ತುದಿಯಿಂದ ಒರೆಸಿ, ಸಾಕು ಅಂದುಕೊಂಡೆ. ಅವತ್ತಿನ ನನ್ನ ಬುದ್ಧಿಗೆ ಏನನ್ನಬೇಕೋ ಈಗಲೂ ತಿಳಿಯದು.

ಕೆಳಗೆ ಮೇಲ್ಮನೆ ಸಾರ್ ಪ್ಲೇಟನ್ನು ಕೈಗೆ ತೆಗೆದುಕೊಂಡು, ಮೂಗಿನ ಹತ್ತಿರ ಹಿಡಿದು, ಇವತ್ತು ನಿಮ್ಮ ಮನೆಯಲ್ಲಿ ಏನು ವಿಶೇಷ ಅಂತ ಕೇಳಿದರು.

೫. ಉಳಿದ ಬೋಲ್ಟು

ಶನಿವಾರ ಸಂಜೆ ಎಲ್ಲ ಜೋಡಿಸಿ ಮುಗಿದಾಗ ಮೆಂತ್ಯದ ಬಟ್ಟಲಲ್ಲಿ ಒಂದು ಬೋಲ್ಟು ಉಳಿಯಿತು. ಎಲ್ಲಿಯದೆಂದು ತಿಳಿಯದೆ ಸಾರ್ ಕಡೆ ನೋಡಿದೆ. ಕಾಲೇಜಿನಲ್ಲಿ ನಮ್ಮ ಹುಡುಗರು ಜೋಡಿಸಿದರೆ ಆರೇಳು ಉಳಿಯುತ್ತಿತ್ತು, ಒಂದೇ ಉಳಿದರೆ ಪಾಸು ಅಂದರು.

೬. ಭಾನುವಾರ

ಪಾರ್ಕಿಂಗಿನಲ್ಲಿ ಹಿಂದೆ ಮುಂದೆ ಓಡಿಸಿ ನೋಡಿದಾಗ ಕಾರು ಚೆನ್ನಾಗೇ ಹೋಗಿತ್ತು. ಹನ್ನೊಂದಕ್ಕೆ ಹೊರಟೆವು. ಊಟ ಹನ್ನೆರಡರಿಂದ ಎರಡರವರೆಗೆ. ಅಮ್ಮ ರೇಷ್ಮೆ ಸೀರೆ ಉಟ್ಟು, ಕಣ್ಣುಮುಚ್ಚಿ, ಹಿಂದಿನ ಸೀಟಿನಲ್ಲಿ ಸೊಸೆಯ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದಳು. ಅಪ್ಪನ ನೆನಪಾಗಿರಬೇಕು ಅಂದುಕೊಂಡು ನನ್ನ ಕಣ್ಣೂ ತುಂಬಿತು.

ಅಣ್ಣಾ ಸಾಲೈ ದಾಟಿ ಮೇಲ್ಸೇತುವೆ ಹತ್ತುವಾಗ ಇಂಜಿನ್ ಒಂದೇ ಸಮನೆ ಕೂಗಿಕೊಂಡಿತು, ಕಾರು ಮಾತ್ರ ನಿಧಾನವಾಯಿತು. ಒತ್ತಿದಷ್ಟೂ ಕೂಗು ಜಾಸ್ತಿ, ಚಕ್ರ ತಿರುಗುವುದು ಕಮ್ಮಿ. ಸೇತುವೆಯ ನಡುವಿಗೆ ಬರುವಷ್ಟರಲ್ಲಿ ಪೂರ್ತಿ ನಿಂತಿತು. ಹಿಂದೆ ಬಸ್ಸು, ಆಟೋ, ಎಲ್ಲರೂ ಹಾರನ್ ಹೊಡೆಯತೊಡಗಿದರು. ಕಾರಿನೊಳಗೆ ಘಮಘಮ ವಾಸನೆ ತುಂಬಿಕೊಂಡಿತು.

ಅಮ್ಮ ಆಗ ಕಣ್ಣುಬಿಟ್ಟಳು. "ತುಪ್ಪ ಕಾಯಿಸ್ತಿದ್ದಾರೆ" ಅಂದಳು. "ಹೋಟೆಲು ಹತ್ರ ಬಂತು ಅಲ್ವಾ?"

ಹೆಂಡತಿ ಫೋನು ತೆಗೆದು ಟ್ಯಾಕ್ಸಿ ಕರೆಯುತ್ತೇನೆ ಅಂದಳು. ಅಲ್ಲಿಂದ ಹತ್ತೇ ನಿಮಿಷದ ದಾರಿ. ತಡಿ ಮಾರಾಯ್ತಿ, ಸ್ವಲ್ಪ ತಣಿದರೆ ಹೋಗ್ತದೆ ಅಂದೆ. ತಣಿಸಿ ಎಬ್ಬಿಸಿದರೆ ಹತ್ತಡಿ ಹೋಗಿ ನಿಂತಿತು. ಮತ್ತೆ ತಣಿಸಿದೆ. ಪೊಲೀಸಿನವರು ಬಂದು ಬೈದರು, ನಾಲ್ಕು ಜನ ಕೂಡಿ ಹಿಂದಕ್ಕೆ ತಳ್ಳಿ ಕೆಳಗಿಳಿಸಿದರು, ಆಗಲೂ ನಾನು ಬಿಡದೆ ಬಾನೆಟ್ ಎತ್ತಿ ನಿಂತೆ. ಹೆಂಡತಿ ಮೂರು ಸಲ ಹೇಳಿದಳು, ಮೂರು ಸಲವೂ ಐದೇ ನಿಮಿಷ ಅಂದೆ. ಬಿಸಿಲಲ್ಲಿ ಅಮ್ಮನ ಮುಖ ಬಾಡಿದ್ದು ನೋಡಿ ಕೊನೆಗೆ ಆಟೋ ಹತ್ತಿದಾಗ ಎರಡೂಮುಕ್ಕಾಲು.

ಹೋಟೆಲಿನ ಶಟರು ಅರ್ಧ ಇಳಿದಿತ್ತು. ಎಲೆ ಎತ್ತಿ, ನೆಲ ತೊಳೆದು, ಒಲೆ ಆರಿಸಿ ಆಗಿತ್ತು. ಮಾಲೀಕರು ಗೋಡೆಯ ದೇವರ ಪಟ ಇಳಿಸುತ್ತಿದ್ದವರು ಅಮ್ಮನನ್ನು ಕಂಡು ಓಡಿಬಂದರು. ಎರಡು ಗಂಟೆಯವರೆಗೆ ನಿಮಗೆ ಅಂತ ಒಂದು ಎಲೆ ಹಾಕಿಯೇ ಇಟ್ಟಿದ್ದೆವು ಅಂದರು. ಕಾಫಿಯಾದರೂ ಕುಡಿಯಿರಿ ಅಂದವರು ಒಳಗೆ ಹೋಗಿ ನೋಡಿದರೆ ಹಾಲೂ ಇಲ್ಲ, ಗ್ಯಾಸೂ ಇಲ್ಲ. ಪಾಪ, ತಮ್ಮ ಫೋನಿನಿಂದಲೇ ಬೇರೆ ಹೋಟೆಲಿಗೆ ಹೇಳಿ ಕಾಫಿ ತರಿಸಿದರು. ಅದು ಅಡ್ಯಾರಿನಿಂದ ಬಂದದ್ದಂತೆ. ಇಪ್ಪತ್ತೈದು ನಿಮಿಷ ಹಿಡಿಯಿತು.

ಅಪ್ಪ ನಿಲ್ಲುತ್ತಿದ್ದ ಒಲೆಯ ಮುಂದೆ ಅಮ್ಮ ನಿಂತು, ಕಾಗದದ ಲೋಟದಲ್ಲಿ ಆ ಕಾಫಿ ಕುಡಿದಳು. ನಾನು ಬಾಗಿಲ ಹೊರಗೇ ನಿಂತಿದ್ದೆ.

ವಾಪಸ್ ಆಟೋದಲ್ಲಿ ಬರುವಾಗ ತಪ್ಪಾಯ್ತು ಅಮ್ಮ ಅಂದೆ. ಅಪ್ಪನ ಕಾರಲ್ಲೇ ಹೋಗಿ ಇಳಿಯಬೇಕು ಅಂತ ನಿನಗೆ ಆಸೆ ಇದ್ದೀತು ಅಂದುಕೊಂಡೆ, ಅದಕ್ಕೇ ಅಷ್ಟೊಂದು ಹಟ ಮಾಡಿದೆ ಅಂದೆ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಆ ಕಾರಲ್ಲಿ ಕೂತ್ರೆ ನನಗೆ ವಾಂತಿ ಬಂದ ಹಾಗೆ ಆಗ್ತದೆ ಮಾಣಿ" ಅಂದಳು. "ಮೊದಲಿಂದಲೂ ಹಾಗೇ. ಅಷ್ಟು ಆಸೆಪಟ್ಟು ತಂದದ್ದು ಅಂತ ನಿಮ್ಮಪ್ಪನ ಹತ್ರ ಹೇಳ್ಲಿಲ್ಲ. ನೀನು ಐದು ದಿನ ಅದರ ಅಡಿಯಲ್ಲೇ ಮಲಗಿದ್ದಿ, ನಿನ್ನ ಹತ್ರ ಹೇಗೆ ಹೇಳುವುದು?"