ಮೇಯರ್ ಸಾಹೇಬರ ಅರ್ಧ ಮೀಸೆ, ನನ್ನಂಗಡಿ ಮುಂದಿನ ಗುಂಡಿ

ಮಾನ್ಯ ಮೇಯರ್ ಸಾಹೇಬರೇ,

ನಗರದ ಗೋಡೆ ಗೋಡೆಯ ಮೇಲೂ ಗುಲಾಬಿ ಕೋಟು ತೊಟ್ಟು ನಗುತ್ತಿರುವ ತಮಗೆ, ತಮ್ಮ ಎಡಗಡೆಯ ಮೀಸೆಗೆ, ಹಾಗೂ ಇಲ್ಲದಿರುವ ಬಲಗಡೆಯ ಮೀಸೆಗೆ ಈ ಮುದಿ ಕ್ಷೌರಿಕನ ಬೇರೆ ಬೇರೆ ನಮಸ್ಕಾರಗಳು. ಒತ್ತಕ್ಷರ ಮುಗಿಯುವ ಮೊದಲೇ ಸ್ಲೇಟು ಎಸೆದು ಕತ್ತರಿ ಹಿಡಿದವನು ನಾನು; ಮಾತು ಒರಟಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ತಾವು ಗೆದ್ದದ್ದು ಹೇಗೆಂದು ಪತ್ರಿಕೆಯವರು ಪುಟಗಟ್ಟಲೆ ಬರೆಯುತ್ತಿದ್ದಾರೆ. ಅವರಿಗೇನು ಗೊತ್ತು, ತಾವು ಗೆದ್ದದ್ದು ನನ್ನ ಕುರ್ಚಿಯಲ್ಲಿ. ಪ್ರಚಾರದ ನಡುವೆ ಬ್ಯಾಂಡಿನವರನ್ನು ಹೊರಗೆ ನಿಲ್ಲಿಸಿ ಮೀಸೆ ತಿದ್ದಿಸಲು ಕೂತಿರಿ, ಅಲ್ಲಾಡಬೇಡಿ ಸ್ವಾಮಿ ಎಂದು ನಾನು ಬಡಕೊಳ್ಳುತ್ತಿರುವಾಗಲೇ ಬಾಗಿಲಲ್ಲಿ ಕ್ಯಾಮೆರಾ ಕಂಡು ಗಿರಕ್ಕನೆ ತಿರುಗಿದಿರಿ, ಬಲಗಡೆಯದು ಪೂರಾ ಟವೆಲಿನ ಮೇಲೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ನನ್ನ ಕುತ್ತಿಗೆಪಟ್ಟಿ ಹಿಡಿಯುತ್ತಿದ್ದರು. ತಾವೋ, ಕುರ್ಚಿ ಹತ್ತಿ ನಿಂತು, ಅಂಗಡಿ ಮುಂದೆ ಪೈಪಿಗೆಂದು ಅಗೆದ ಉದ್ದನೆಯ ಗುಂಡಿಯನ್ನು ತೋರಿಸಿ, "ಈ ಗುಂಡಿ ಮುಚ್ಚೋವರೆಗೂ ಉಳಿದರ್ಧ ತೆಗೆಸಲ್ಲ, ಹೋದರ್ಧ ಬೆಳೆಸಲ್ಲ!" ಎಂದು ಶಪಥ ಮಾಡಿದಿರಿ. ಸೋತು ಮನೆಗೆ ಹೋಗಬೇಕಾದ ಮನುಷ್ಯ ಒಂದೇ ಏಟಿಗೆ ನಾಯಕನಾದ. ನಾನೂ ತಮಗೇ ವೋಟು ಹಾಕಿದೆ. ಗೆದ್ದ ದಿನ ಮಂಡಿನೋವನ್ನೂ ಮರೆತು ಕುಣಿದೆ, ಅದಕ್ಕೆ ಮಂಡಿ ಇನ್ನೂ ನನ್ನನ್ನು ಕ್ಷಮಿಸಿಲ್ಲ.

ಈಗ ದೂರಿಗೆ ಬರುತ್ತೇನೆ. ಪೈಪು ಹಾಕಿ ಆಯಿತು, ತೋಡಿದ ಮಣ್ಣು ಪಕ್ಕದಲ್ಲೇ ಗುಡ್ಡೆಯಾಗಿ ಬಿದ್ದಿದೆ, ಒಳಕ್ಕೆ ತಳ್ಳಿದರೆ ಮುಗಿಯಿತು. ಯಾಕೆ ತಳ್ಳುತ್ತಿಲ್ಲ ಎಂದು ತಮ್ಮ ಇಂಜಿನಿಯರರನ್ನು ಕೇಳಿದರೆ, "ಅಜ್ಜಾ, ಅದು ಸಾಹೇಬರ ಗುಂಡಿ. ಮುಚ್ಚಿಬಿಟ್ಟರೆ ಅವರ ಮೀಸೆ ಗತಿ ಏನು?" ಎನ್ನುತ್ತಾರೆ. ಅದೂ ನಿಜವೇ ಅನ್ನಿ. ಬಸ್ಸುಗಳ ಮೇಲೆ ಅರ್ಧ ಮೀಸೆ, ಬಾವುಟದ ಮೇಲೆ ಅರ್ಧ ಮೀಸೆ. ಇಂಥ ಮೀಸೆ ಉಳಿಯಬೇಕಾದರೆ ಅಂಥ ಗುಂಡಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಲೇಬೇಕು. ತಮ್ಮ ದೂರದೃಷ್ಟಿಗೆ ತಲೆಬಾಗಿದ್ದೇನೆ.

ಆದರೆ ಸ್ವಾಮಿ, ಪಡ್ಡೆ ಹುಡುಗರು ಗುಂಡಿ ಹಾರಿ ಬರುತ್ತಾರೆ, ಬಂದು ಮೇಯರ್ ಸಾಹೇಬರ ಹಾಗೇ ಅರ್ಧ ಮೀಸೆ ಬೋಳಿಸು ಎನ್ನುತ್ತಾರೆ, ನಾನು ಬೈದು ಅಟ್ಟುತ್ತೇನೆ. ನನ್ನ ಅಂಗಡಿ ನಿಂತಿರುವುದು ಕೋಲೂರಿ ಬರುವ ಹಳಬರಿಂದ. ಅವರು ಹಾರುವುದೆಲ್ಲಿ ಬಂತು? ನಮ್ಮ ಭಾವ, ಅಂದರೆ ಅಕ್ಕನ ಗಂಡ, ಗುಂಡಿಯ ಆಚೆ ನಿಂತು ಕೂಗುತ್ತಾರೆ: "ಲೋ ಭಾವಮೈದ, ನನ್ನನ್ನ ಮನುಷ್ಯನ್ನ ಮಾಡೋದು ಯಾವಾಗಲೋ? ಈ ಗಡ್ಡ ನೋಡಿ ನಿಮ್ಮಕ್ಕ ಬಾಗಿಲಲ್ಲೇ ಮುಂದಕ್ಕೆ ಹೋಗಪ್ಪ ಅಂದ್ಲು!" ಪಾಪವೆನಿಸಿ ನಾನೇ ಹೇಗೋ ಗುಂಡಿಗಿಳಿದು ಹತ್ತಿ, ಆಚೆ ದಡದಲ್ಲಿ ಸ್ಟೂಲು ಹಾಕಿ ಕೂರಿಸಿದೆ. ಅರ್ಧ ಕೆನ್ನೆ ಆಗಿರಲಿಲ್ಲ, ರಸ್ತೆಯಲ್ಲಿ ವ್ಯಾಪಾರ ಮಾಡಬಾರದೆಂದು ತಮ್ಮ ಪಾಲಿಕೆಯವರು ಬಂದು ಭಾವನನ್ನು ಎಬ್ಬಿಸಿ ಸ್ಟೂಲು ಹೊತ್ತುಕೊಂಡು ಹೋದರು. ಹೀಗೇ ಆದರೆ ನಾನು ಅಂಗಡಿಗೆ ಬೀಗ ಹಾಕಬೇಕಷ್ಟೆ.

ಆದ್ದರಿಂದ ಸವಿನಯ ಪ್ರಾರ್ಥನೆ: ಗುಂಡಿ ತಮಗೆ ಅಷ್ಟು ಪ್ರಿಯವಾದರೆ ಅದನ್ನು ಎತ್ತಿಕೊಂಡು ಹೋಗಿ ತಮ್ಮ ಮನೆಯ ಮುಂದೆ ಇಟ್ಟುಕೊಳ್ಳಿ. ಅದಾಗದಿದ್ದರೆ ತಾವೇ ದಿನಾ ಬೆಳಿಗ್ಗೆ ಬಂದು ಅಡ್ಡಡ್ಡ ಮಲಗಿ, ನಮ್ಮ ಮುದುಕರು ತಮ್ಮ ಮೇಲೆ ಜೋಪಾನವಾಗಿ ದಾಟುತ್ತಾರೆ. ಗುಲಾಬಿ ಕೋಟು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಇದೂ ಆಗದಿದ್ದರೆ, ನಮ್ಮ ಬೀದಿಯವರೆಲ್ಲ ನಿನ್ನೆ ಸೇರಿ ತೀರ್ಮಾನಿಸಿದ್ದನ್ನು ತಿಳಿಸುವುದು ನನ್ನ ಕರ್ತವ್ಯ. ಬರುವ ಭಾನುವಾರ ಬೇಕರಿಯವನು ಗುದ್ದಲಿ ತರುತ್ತಾನೆ, ಟೈಲರಮ್ಮ ಬಾಣಲಿ ತರುತ್ತಾಳೆ, ಭಾವ ಕೋಲಿನಿಂದಲಾದರೂ ಸರಿ ಮೊದಲ ಹೆಂಟೆ ನಾನೇ ತಳ್ಳುತ್ತೇನೆ ಎಂದು ಹಟ ಹಿಡಿದಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಗುಂಡಿ ಇರುವುದಿಲ್ಲ. ಶಪಥ ಮಾಡಿದವರು ತಾವು, ಕೇಳಿಸಿಕೊಂಡವರು ಇಡೀ ಊರು. ಭಾವನ ಉಳಿದ ಕೆನ್ನೆ ಮುಗಿಸಿದ ಮೇಲೆ ಕುರ್ಚಿ ಖಾಲಿ ಇರುತ್ತದೆ. ದಯಮಾಡಿಸಿ.

ಗುಂಡಿಯ ಈಚೆ ದಡದಿಂದ,
ತಮ್ಮ ವಿಶ್ವಾಸಿ,
ಕೆಲಸ ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲದ ಕ್ಷೌರಿಕ

ಮರೆತ ಮಾತು: ತಮ್ಮೆದುರು ಸೋತ ಅಭ್ಯರ್ಥಿ ಮೊನ್ನೆ ಗುಂಡಿ ಹಾರಿ ಬಂದು, ಮುಂದಿನ ಚುನಾವಣೆಗೆ ನನ್ನದೊಂದು ಹುಬ್ಬು ಬೋಳಿಸಿಕೊಡಿ ಎಂದು ಕೇಳಿದರು. ಭಾನುವಾರದವರೆಗೆ ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ.