ಕೇಳಿದ್ದನ್ನೇ ಕೇಳುವ ಪೆಟ್ಟಿಗೆ

ಕಂಪ್ಯೂಟರಿನ ಎದುರು ಕೂತವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ.

ನಾನು ಹತ್ತನೆಯ ಇಯತ್ತೆ ಪಾಸು, ಮೇಲೆ ಮೂರು ತಿಂಗಳ ಕಂಪ್ಯೂಟರ್ ಕ್ಲಾಸು. ಅಷ್ಟಕ್ಕೇ ರವಿವಾರ ಪೇಟೆಯ ಹಂಚಿನ ಸಾವಕಾರರೊಬ್ಬರು ನನ್ನನ್ನು ಇ-ಮೇಲ್ ನೋಡುವ ಕೆಲಸಕ್ಕೆ ಇಟ್ಟುಕೊಂಡರು. ಹಂಚು ಸುಡುವ ಭಟ್ಟಿ ಖಾನಾಪುರದಲ್ಲಿ. ಅದನ್ನು ನೋಡಿಕೊಳ್ಳುವವರು ಅವರ ಹೆಂಡತಿ, ನಮ್ಮೆಲ್ಲರ ಬಾಯಲ್ಲಿ ವೈನಿ, ಅಂದರೆ ಅತ್ತಿಗೆ. ಸಾವಕಾರರು ವಾರವೆಲ್ಲ ಇಲ್ಲೇ ಹಿಂದವಾಡಿಯ ಬಾಡಿಗೆ ಖೋಲಿಯಲ್ಲಿ, ರಜೆಯ ದಿನ ಮಾತ್ರ ಖಾನಾಪುರದ ಮನೆಯಲ್ಲಿ.

೧. ಅತ್ತೆಯ ಗುಣ

ದಸರೆಯ ಮರುದಿನ ಮೇಲ್ ತೆರೆದರೆ ಪಾಸ್‌ವರ್ಡ್ ಕೇಳುವ ಸಣ್ಣ ಪೆಟ್ಟಿಗೆ ಬಂತು. ಹೊಡೆದೆ. ಮತ್ತೆ ಬಂತು. ಮತ್ತೆ ಹೊಡೆದೆ, ಮತ್ತೆ ಬಂತು.

"ಈಗರ ಹೇಳಿದಿ, ಮತ್ತ ಯಾಕ ಕೇಳತೈತಿ?" ಎಂದರು ಸಾವಕಾರರು.

"ನಮ್ಮತ್ತಿ ಗುಣ ಐತ್ರಿ ಇದಕ್ಕ. ಹಾಲಿಗೆ ಹೆಪ್ಪ ಹಾಕಿದಿ ಏನ ಅಂತ ನಾಕ ಸಲ ಕೇಳತಾರ. ಹೌದಂದರೂ ನಂಬೂದಿಲ್ಲ."

ಸಾವಕಾರರು ನಗಲಿಲ್ಲ. ಪಣಜಿಯ ದೊಡ್ಡ ಹೋಟೆಲಿನವರು ಹಂಚಿನ ಆರ್ಡರನ್ನು ಇ-ಮೇಲಿನಲ್ಲೇ ಕಳಿಸುವವರಿದ್ದರು, ಶನಿವಾರದೊಳಗೆ ಉತ್ತರ ಹೋಗಬೇಕಿತ್ತು. "ಶನಿವಾರದ ತನಕ ನೋಡತೀನಿ ತಂಗಿ. ಆಗಲಿಲ್ಲಂದ್ರ ನಮ್ಮ ತಂಗಿ ಮಗಾ ಬಿ.ಕಾಂ. ಮುಗಿಸಿ ಖಾಲಿ ಕುಂತಾನ, ಅವನ್ನ ಈ ಖುರ್ಚಿ ಮ್ಯಾಲ ಕುಂದರಸತೀನಿ."

"ಖಾಲಿ ಕುಂದರೂದು ಮನ್ಯಾಗೂ ಆಗತೈತಲ್ರಿ, ಖುರ್ಚಿ ಯಾಕ ಸವಸತೀರಿ?" ಎಂದೆ. ಧೈರ್ಯವಿದ್ದದ್ದು ಬಾಯಿಗೆ ಮಾತ್ರ. ಮಗಳನ್ನು ಅತ್ತೆಯ ಮಡಿಲಲ್ಲಿ ಬಿಟ್ಟು ಬರಲು ನನಗಿದ್ದ ಒಂದೇ ನೆವ ಆ ಖುರ್ಚಿ.

೨. ಚುಕ್ಕಿ ಲೆಕ್ಕ

ರಿಪೇರಿಯವನು ಬಂದ. ಮೌಸಿನ ಹೊಟ್ಟೆಯೊಳಗಿನ ಗುಂಡು ತೆಗೆದು ತೊಳೆದ, ಒರೆಸಿದ, ಒಳಗಿಟ್ಟ. "ವೈರಸ್ ಇರಬೇಕ್ರಿ," ಎಂದು ಚಹಾ ಕುಡಿದು ಹೋದ. ಪೆಟ್ಟಿಗೆ ಮತ್ತೆ ಕೇಳಿತು.

ಪಾಸ್‌ವರ್ಡ್ ಹೊಡೆದರೆ ಅಕ್ಷರ ಕಾಣುವುದಿಲ್ಲ, ಬರೀ ಚುಕ್ಕಿ. ದಿನಾ ರಂಗೋಲಿ ಹಾಕುವ ಹೆಂಗಸಿಗೆ ಚುಕ್ಕಿ ಹೆಚ್ಚಾದರೆ ತಿಳಿಯದೇ? ನಾನು ಹೊಡೆದದ್ದು ಏಳು, ಬಿದ್ದದ್ದು ಒಂಬತ್ತು. ಒಂದು ಗುಂಡಿಯನ್ನು ಉಗುರಿನಿಂದ ಎಬ್ಬಿಸಿದೆ. ಅಡಿಯಲ್ಲಿ ಕುಂಕುಮ, ಮೇಲೆ ಕಾಯಿಯ ನೀರು. ಆಯುಧಪೂಜೆಯ ದಿನ ಸಾವಕಾರರು ಲಾರಿಗೆ ಮಾಡಿದಂತೆಯೇ ಕೀಬೋರ್ಡಿಗೂ ಭಕ್ತಿಯಿಂದ ಪೂಜೆ ಮಾಡಿದ್ದರು.

"ಸಾವಕಾರ್ರ, ವೈರಸ್ ಸಿಕ್ಕಿತು. ಕೆಂಪಗ ಐತಿ."

"ಪೂಜಿ ಮಾಡಿದ್ದಕ್ಕ ದೇವರು ಹಿಂಗ ಮಾಡತಾನೇನ?"

"ದೇವರಿಗೆ ಯಾಕ ಅಂತೀರಿ? ಅವ ಲಾರಿ ನಡಸಾಕತ್ತಾನಲ್ರಿ."

ಗುಂಡಿ ತೊಳೆದೆ. ಈಗ ಏಳಕ್ಕೆ ಏಳೇ ಚುಕ್ಕಿ. ಆದರೂ ಪೆಟ್ಟಿಗೆ ಕೇಳಿತು.

೩. ವೈನಿಯ ಗುಟ್ಟು

ವೈನಿ ಮೇಲ್ ಓದಲು ಭಟ್ಟಿಯಲ್ಲೂ ಒಂದು ಕಂಪ್ಯೂಟರಿತ್ತು, ಉತ್ತರ ಬರೆಯುವುದು ಮಾತ್ರ ನನ್ನ ಕೆಲಸ. ಅಲ್ಲಿ ಮೇಲ್ ತೆರೆಯುತ್ತದೆಯೇ ಎಂದು ಕೇಳಲು ಶುಕ್ರವಾರ ಖಾನಾಪುರಕ್ಕೆ ಫೋನ್ ಮಾಡಿದೆ.

"ಅಯ್ಯ, ಹಬ್ಬದ ದಿನ ಇಲ್ಲೂ ಕೇಳಾಕತ್ತಿತ್ತವಾ, ಹಳೇದು ನನಗ ಮರ್ತಿತ್ತು," ಎಂದರು ವೈನಿ. "ಕಂಪ್ಯೂಟರ್ ಕ್ಲಾಸಿನ ಟೀಚರ್ ಬಾಯಿಯವರನ್ನ ಕರೆಸಿ ಹೊಸಾದ ಇಟ್ಟೆ. ಎಂದೂ ಮರೀಲಾರದ್ದು ಇಡ್ರಿ ಅಂದ್ರು. ಇಟ್ಟೀನಿ."

ಇ-ಮೇಲಿನ ಖಾತೆ ಎರಡೂ ಕಡೆಗೆ ಒಂದೇ. ಅಲ್ಲಿ ಕೀಲಿ ಬದಲಾಗಿತ್ತು, ಇಲ್ಲಿ ನಾನು ಹಳೆಯ ಕೀಲಿ ತಿರುವುತ್ತ ಕೂತಿದ್ದೆ.

"ಏನದು ಹೇಳ್ರಿ, ವೈನಿ."

"ಅದು ಹೇಳಾಕ ಬರೂದಿಲ್ಲವಾ."

"ಮರ್ತೀರೇನು?"

"ಮರಿಯೂ ಅಂಥದ್ದಲ್ಲ. ಹೇಳೂ ಅಂಥದ್ದೂ ಅಲ್ಲ." ಫೋನ್ ಇಟ್ಟುಬಿಟ್ಟರು.

ನನ್ನ ಮೇಲೆ ನಂಬಿಕೆಯಿಲ್ಲವೆಂದು ಸಿಟ್ಟು ಬಂತು. ಸಾವಕಾರರು ಮನೆದೇವರ ಹೆಸರು, ಮಗಳ ಹೆಸರು, ಲಾರಿಯ ನಂಬರು, ಕೊನೆಗೆ ಎಮ್ಮೆಯ ಹೆಸರನ್ನೂ ಹೊಡೆಸಿದರು. ಮದುವೆಯಾಗಿ ಇಪ್ಪತ್ತು ವರ್ಷವಾದ ಗಂಡಸಿಗೆ ಹೆಂಡತಿ ಮರೆಯದ್ದು ಯಾವುದೆಂದಾಗ ಎಮ್ಮೆ ಹೊಳೆಯಿತು, ಬೇರೇನೂ ಹೊಳೆಯಲಿಲ್ಲ.

೪. ಶನಿವಾರ

ಬಿ.ಕಾಂ. ಆದವನು ಹೊಸ ಅಂಗಿ ಹಾಕಿಕೊಂಡು ಬಂದು ನನ್ನ ಖುರ್ಚಿಯ ಬಾಜೂಕೇ ನಿಂತ. ಅವನನ್ನು ನೋಡುತ್ತಿದ್ದಾಗಲೇ ನನಗೆ ಬೆಳಕಾಯಿತು. ಹೆಂಗಸು ಎಂದೂ ಮರೆಯದ್ದು, ಬಾಯಿಬಿಟ್ಟು ಹೇಳದ್ದು! ನಾನಾದರೂ ರೇಷನ್ ಅಂಗಡಿಯಲ್ಲಿ ಅದನ್ನು ಕೇಳಿದರೆ ಕಾರ್ಡು ಮುಂದೆ ಹಿಡಿಯುತ್ತೇನಲ್ಲ.

ಸಾವಕಾರರು ಫೋನಿನ ಸ್ಪೀಕರ್ ಒತ್ತಿದರು. ಇಬ್ಬರು ಹಮಾಲರು ಹಂಚು ಇಳಿಸುವುದನ್ನು ಬಿಟ್ಟು ಬಂದು ನಿಂತರು.

"ವೈನಿ, ನಾ ತಿಳಕೊಂಡೀನಿ. ಆದರೂ ನಿಮ್ಮ ಬಾಯಿಲೆ ಕೇಳಿದ್ರ ಖಾತ್ರಿ. ಮದುವ್ಯಾಗ ಹಾಡಕಟ್ಟಿ ಹೇಳತೀರಲ್ಲ, ಹಂಗ ಒಡಪು ಹಾಕಿ ಹೇಳ್ರಿ, ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲ."

"ಬಾಜೂಕ ಯಾರರ ಅದಾರೇನು?"

"ಒಬ್ಬರೂ ಇಲ್ರಿ," ಎಂದೆ, ನಾಲ್ಕು ಗಂಡಸರ ಮುಖ ನೋಡುತ್ತ.

ವೈನಿ ಗಂಟಲು ಸರಿಮಾಡಿಕೊಂಡರು.

"ಖಾನಾಪುರದ ಮಣ್ಣು ಸುಟ್ಟರ ಆಗತಾವ ಹಂಚು,
ನಮ್ಮ... ರಾಯರು ನಕ್ಕರ ಕಣ್ಣಾಗ ಮಿಂಚು."

ನಡುವೆ ಬಂದ ಗಂಡನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಇವತ್ತಿಗೂ ಪಾಸ್‌ವರ್ಡ್ ಅದೇ.

ಹಮಾಲರು ತಲೆಯ ಪಟಕಾದ ತುದಿ ಬಾಯಿಗೆ ಒತ್ತಿಕೊಂಡರು. ಸಾವಕಾರರ ಮುಖ ಹೊಸ ಹಂಚಿನ ಬಣ್ಣಕ್ಕೆ ತಿರುಗಿತ್ತು. ಫೋನಿಟ್ಟು ಅದೇ ಲೈನನ್ನು ಕಂಪ್ಯೂಟರಿಗೆ ಜೋಡಿಸಿದೆ. ಅವರೇ ಒಂದೇ ಬೆರಳಿನಿಂದ ತಮ್ಮ ಹೆಸರು ಹೊಡೆದರು. ಸಾಲಾಗಿ ಚುಕ್ಕಿ ಬಿದ್ದವು.

"ನೋಡ್ರಿ, ಇದಕ್ಕೂ ಸಂಸ್ಕಾರ ಐತಿ," ಎಂದೆ. "ನಿಮ್ಮ ಹೆಸರ ಬಾಯಿ ಬಿಟ್ಟು ಹೇಳೂದಿಲ್ಲ."

ಮೇಲ್ ತೆರೆಯಿತು. ಪಣಜಿಯ ಆರ್ಡರು ಮೊದಲನೆಯದೇ ಇತ್ತು, ಉತ್ತರವೂ ಹೋಯಿತು. ಹೊಸ ಅಂಗಿ ಸಪ್ಪೆ ಮುಖದಿಂದ ಮನೆಗೆ ನಡೆಯಿತು.

ಸೋಮವಾರ ಬಂದು ನೋಡಿದರೆ ಪೆಟ್ಟಿಗೆ ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ವೈನಿ ಮತ್ತೆ ಬದಲಿಸಿದರೇ ಎಂದುಕೊಂಡೆ. ನೋಡಿದರೆ, ಪಾಸ್‌ವರ್ಡನ್ನು ಕಂಪ್ಯೂಟರೇ ನೆನಪಿಟ್ಟುಕೊಳ್ಳಲೆಂದು ಪೆಟ್ಟಿಗೆಯ ಕೆಳಗೆ ನಾನು ಹಾಕಿದ್ದ ಸರಿ ಗುರುತನ್ನು ಯಾರೋ ತೆಗೆದಿದ್ದರು.

"ಸಾವಕಾರ್ರ, ಇದನ್ನ ಯಾರ ತಗದ್ರಿ? ಇನ್ನ ದಿನಾ ಕೇಳತೈತಿ ಇದು."

ಸಾವಕಾರರು ಕಿಟಕಿಯ ಹೊರಗೆ ಹಂಚು ನೋಡುತ್ತ ಮೀಸೆ ತೀಡಿದರು.

"ಕೇಳಲಿ ಬಿಡ ತಂಗಿ. ನನಗ ಅದು ಮರತೇ ಹೋಗೈತಿ. ಖಾನಾಪುರಕ್ಕ ಫೋನ್ ಹಚ್ಚು. ಸ್ಪೀಕರ್ ಬ್ಯಾಡ."