ಮೀಸೆ ಮಾವನ ಮುಖದ ಆರೈಕೆ

ಜಮಖಂಡಿ ತಾಲೂಕಿನಲ್ಲಿ ಅತಿ ಹೆಚ್ಚು ಸೀರೆ ಉಟ್ಟವರು ಯಾರು ಎಂದು ಯಾರಾದರೂ ಕೇಳಿದರೆ ನಾನು ಒಂದು ಕ್ಷಣವೂ ಯೋಚಿಸದೆ ಹೇಳಿಬಿಡುತ್ತೇನೆ: ನಮ್ಮ ಸೋದರಮಾವ! ಅವರಿಗೆ ದಪ್ಪ ಮೀಸೆಯಿತ್ತು, ಎದೆಯ ತುಂಬ ಕೂದಲಿತ್ತು, ಮನೆಯಲ್ಲಿ ಹೆಂಡತಿಯೂ ಇದ್ದಳು. ಆದರೂ ಸೀರೆಯ ಲೆಕ್ಕಕ್ಕೆ ಬಂದರೆ ಅತ್ತೆ ಅವರ ಹತ್ತಿರಕ್ಕೂ ಸುಳಿಯಲಾರಳು.

ಗಾಬರಿಯಾಗಬೇಡಿ. ಮಾವ ಜಮಖಂಡಿ ಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ನಮ್ಮ ಕಡೆಯ ಸೀರೆ ಅಂಗಡಿಗಳಲ್ಲಿ ಒಂದು ಪದ್ಧತಿಯುಂಟು. ಹೆಣ್ಣುಮಕ್ಕಳು ಬಿಳಿ ಗಾದಿಯ ಮೇಲೆ ಕಾಲು ಮಡಚಿ ಕೂತು "ಇದರ ಸೆರಗ ಹೆಂಗ ಕಾಣಸ್ತೈತಿ ನೋಡೂನು" ಎಂದರೆ ಸಾಕು, ಅಂಗಡಿಯ ಗಂಡಸು ಎದ್ದು ನಿಂತು, ತನ್ನ ಅಂಗಿ-ಧೋತರದ ಮೇಲೆಯೇ ಸೀರೆ ಸುತ್ತಿಕೊಂಡು, ನೆರಿಗೆ ಹಿಡಿದು, ಸೆರಗು ಹೊದ್ದು ತೋರಿಸಬೇಕು. ಮಾವ ಈ ವಿದ್ಯೆಯಲ್ಲಿ ಪಳಗಿದ ಕೈ. ನೆರಿಗೆ ಹಿಡಿಯುವಾಗ ಕಿರುಬೆರಳು ತಾನಾಗಿ ಮೇಲೇಳುತ್ತಿತ್ತು. ಗಾದಿಯ ಮೇಲೆ ಅತ್ತ ಎರಡು ಹೆಜ್ಜೆ, ಇತ್ತ ಎರಡು ಹೆಜ್ಜೆ ನಡೆದು ತೋರಿಸುತ್ತಿದ್ದರು. ಹೊಸ ಮದುಮಗಳು ಬಂದಿದ್ದರೆ ತಲೆಯ ಮೇಲೂ ಸೆರಗು ಹೊದ್ದು "ಅತ್ತಿ ಮುಂದ ಹಿಂಗ ಕಾಣಸ್ತೀ ನೋಡ ತಂಗಿ" ಎಂದು ಕಣ್ಣು ತಗ್ಗಿಸುತ್ತಿದ್ದರು. ಆ ಮೀಸೆಯ ಮೇಲೆ ಆ ನಾಚಿಕೆ! ಅಂಗಡಿಗೆ ಅಂಗಡಿಯೇ ನಗುತ್ತಿತ್ತು, ಸೀರೆ ಮಾತ್ರ ಮಾರಾಟವಾಗಿರುತ್ತಿತ್ತು.

ನನ್ನ ತವರು ಬನಹಟ್ಟಿ, ಮಗ್ಗದ ಮನೆ. ಕಾಲೇಜಿಗೆಂದು ಜಮಖಂಡಿಯಲ್ಲಿ ಮಾವನ ಮನೆಯಲ್ಲಿಯೇ ಇದ್ದುದರಿಂದ ಅವರ ಮುಖದ ಇತಿಹಾಸವನ್ನೆಲ್ಲ ಹತ್ತಿರದಿಂದ ಕಂಡವಳು ನಾನು.

ಕಷ್ಟ ಶುರುವಾದದ್ದು ಅಂಗಡಿಗೆ ಟ್ಯೂಬ್‌ಲೈಟ್ ಬಂದಾಗ. ಅಲ್ಲಿಯವರೆಗೆ ಹಳದಿ ಬಲ್ಬಿನ ಮಂಕು ಬೆಳಕಿನಲ್ಲಿ ಎಲ್ಲರ ಮುಖವೂ ಒಂದೇ ಬಣ್ಣ, ಎಲ್ಲರ ವಯಸ್ಸೂ ಒಂದೇ. ಟ್ಯೂಬ್‌ಲೈಟ್ ಹೊತ್ತಿದ್ದೇ ತಡ, ಮಾವನ ನಲವತ್ತೆಂಟು ವರ್ಷವೂ ಲೋಕಕ್ಕೆ ಕಾಣಿಸಿತು. ಹಣೆ ಮತ್ತು ಮೂಗು ಈಗಷ್ಟೇ ಬಾಣಲೆಯಿಂದ ಎತ್ತಿದ ಬೋಂಡಾದಂತೆ ಎಣ್ಣೆ ಬಿಡುತ್ತಿದ್ದವು. ಗಲ್ಲಗಳೋ, ಒಣಗಿ ಒಣಗಿ ಪುಡಿ ಉದುರಿಸುತ್ತಿದ್ದವು. ಒಂದು ದಿನ ಕಪ್ಪು ಸೀರೆ ಹೊದ್ದು ನಿಂತಿದ್ದಾಗ ಗಿರಾಕಿ ಹೆಂಗಸೊಬ್ಬಳು ಸೆರಗನ್ನು ಕೊಡವಿ, "ಏನ್ರೀ ಇದು, ಸುಣ್ಣ ಉದರಾಕತ್ತೈತಲ್ಲ?" ಎಂದಳು. ಎಲ್ಲರೂ ತಲೆಯೆತ್ತಿ ಮಾಳಿಗೆ ನೋಡಿದರು. ಮಾವನೂ ನೋಡಿದರು, ಪಾಪ! ಮರುವಾರವೇ ರೇಷ್ಮೆ ಸೀರೆಯೊಂದರ ಅಂಚು ಅವರ ಹಣೆಗೆ ತಾಗಿ ಎಣ್ಣೆಯ ಕಲೆಯಾಯಿತು.

ಅಂಗಡಿಯ ಸಾಹುಕಾರರು ಬೈಯುವವರಲ್ಲ. ಬೈಯದವರ ಮಾತೇ ಹೆಚ್ಚು ಚುಚ್ಚುತ್ತದೆ, ಅಲ್ಲವೇ? ಮಾವನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದರಂತೆ: "ಯುಗಾದಿ ಆತಂದ್ರ ಲಗ್ನದ ಗದ್ದಲ ಚಾಲೂ ಆಗತೈತಿ. ಆಗಿಂದ ನಮ್ಮ ತಂಗಿ ಮಗಾ ಸೀರಿ ಹೊದ್ದು ತೋರಸ್ಲಿ. ನೀವು ಒಳಗ ಕುಂತು ಮಡಿಕಿ ಹಾಕ್ರಿ. ಪಗಾರ ಏನ ಕಡಿಮಿ ಮಾಡೂದಿಲ್ಲ. ಅಷ್ಟರಾಗ ಮಾರಿ ಸುಧಾರಿಸಿದ್ರ ನೋಡೂನಂತ."

ಒಳಗೆ ಎಂದರೆ ಅಂಗಡಿಯ ಹಿಂದಿನ ಕತ್ತಲೆ ಕೋಣೆ. ಬಟ್ಟೆಯ ಗಂಟು, ಡಾಂಬರು ಗುಳಿಗೆಯ ವಾಸನೆ, ಒಂದು ಕಿಟಕಿ. ಅಂದು ಮಾವ ರೊಟ್ಟಿ ಮುರಿಯದೆ ತಟ್ಟೆಯ ಮುಂದೆ ಕೂತೇ ಇದ್ದರು.

"ಪಗಾರ ಕೊಡ್ತಾರಂತಲ್ರಿ, ಮತ್ಯಾಕ ಚಿಂತಿ?" ಎಂದಳು ಅತ್ತೆ.

"ಪಗಾರ ಕೊಡ್ತಾರ ಖರೆ. ಮಂದಿ ಮಾರಿ ಕಾಣೂದಿಲ್ಲಲ್ಲ ಅಲ್ಲಿ."

ಸಾಹುಕಾರರ ತಂಗಿಯ ಮಗನನ್ನು ನೀವು ನೋಡಬೇಕಿತ್ತು. ಕೆಂಪಗೆ, ತೆಳ್ಳಗೆ, ಕಾಲೇಜು ಮುಗಿಸಿ ಬಂದ ಹುಡುಗ. ಅವನ ಮೇಲೆ ಗೋಣಿಚೀಲ ಹೊದಿಸಿದರೂ ಜನ ಕೊಂಡುಕೊಂಡಾರು. ಅಂಥವನ ಎದುರು ನಮ್ಮ ಮಾವ, ಯುಗಾದಿಗೆ ಉಳಿದಿದ್ದ ನಾಲ್ಕು ತಿಂಗಳಲ್ಲಿ ತಮ್ಮ ಮುಖವನ್ನು ತಿದ್ದಲು ಹೊರಟರು.

ಮೊದಲು ಸರ್ವೆ ನಡೆಯಿತು. ಅಂಗಳದಲ್ಲಿ ಕನ್ನಡಿ ಹಿಡಿದು ಕೂತು ನನ್ನನ್ನು ಕರೆದರು. "ನೋಡಬೇ ಅವ್ವಿ. ಹಣಿ, ಮೂಗು, ಗದ್ದ, ಇದಿಷ್ಟು ಹಿಪ್ಪರಗಿ. ಹೊಳಿ ದಂಡಿ, ಹನ್ನೆರಡೂ ತಿಂಗಳ ಪಸಿ. ಈ ಎರಡ ಗಲ್ಲ ಸಾವಳಗಿ ಕಡೀ ಎರಿ ಹೊಲ. ಬ್ಯಾಸಗ್ಯಾಗ ಬಿರದಂಗ ಬಿರದಾವ."

"ಕಣ್ಣಿನ ಸುತ್ತ, ಮಾವಾ?"

"ಅದರ ಮ್ಯಾಲ ತಕರಾರ ಐತಿ. ಎರಡೂ ಊರವ್ರು ನಮ್ಮದಲ್ಲ ಅಂತಾರ."

ಮುಖವೇನೋ ಎರಡು ಊರಾಯಿತು. ಆದರೆ ಮಾವ ಹಟಕ್ಕೆ ಬಿದ್ದದ್ದು ಎರಡಕ್ಕೂ ಒಂದೇ ಮದ್ದು ಹುಡುಕಲು. ಎಣ್ಣೆಯೆಂದರೆ ಕೊಳೆ ಎಂದು ಯಾರೋ ಹೇಳಿದರು. ಸರಿ, ಬಟ್ಟೆ ತೊಳೆಯುವ ಸೋಪಿನಿಂದಲೇ ಮುಖ ತಿಕ್ಕತೊಡಗಿದರು, ಅದೂ ಹೊತ್ತು ಹೊತ್ತಿಗೆ. ಮೂಗು ಅರ್ಧ ಗಂಟೆ ಸುಮ್ಮನಿದ್ದು ಮತ್ತೆ ಹೊಳೆಯಿತು. ಗಲ್ಲಗಳು ಮಾತ್ರ ಎಷ್ಟು ಬಿಗಿದವೆಂದರೆ, ಆಕಳಿಸುವಾಗ ಎರಡೂ ಕೈಯಲ್ಲಿ ಹಿಡಿದುಕೊಂಡು ಆಕಳಿಸುತ್ತಿದ್ದರು.

ಹಾಗಾದರೆ ಜಿಡ್ಡೇ ಬೇಕು ಎಂದು ತೀರ್ಮಾನಿಸಿ ಹಾಲಿನ ಕೆನೆಗೆ ಬಂದರು. ಒಂದು ಭಾನುವಾರ ಮುಖದ ತುಂಬ ಕೆನೆ ಬಳಿದುಕೊಂಡು ಪಡಸಾಲೆಯಲ್ಲಿ ಮಲಗಿದರು. ನಿದ್ದೆ ಹತ್ತಿತು. ಪಕ್ಕದ ಮನೆಯ ಬೆಕ್ಕು ಬಂದು ಎದೆಯ ಮೇಲೆ ಕೂತು ಹಣೆಯಿಂದ ನೆಕ್ಕಲು ಶುರುಮಾಡಿತು. ಮಾವ ಕಣ್ಣು ತೆರೆಯದೆ, ಮುಗುಳ್ನಗುತ್ತ, "ಏ, ಈಗ ಬ್ಯಾಡ. ಹುಡುಗಿ ಅದಾಳ ಮನ್ಯಾಗ" ಎಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ಕೆಂಪಾದದ್ದನ್ನು ನಾನು ಈ ಕಣ್ಣಿಂದ ನೋಡಿದೆ. ಅಂದಿನಿಂದ ಆ ಮನೆಯಲ್ಲಿ ಕೆನೆ ಬೆಣ್ಣೆಗಷ್ಟೇ ಬಳಕೆಯಾಯಿತು.

ಇವೆಲ್ಲ ಸಣ್ಣ ಪುಟ್ಟ ಅನಾಹುತ. ದೊಡ್ಡದು, ನಾವು ಮೂವರೂ ಬನಹಟ್ಟಿಗೆ ಹೋಗಿದ್ದಾಗ, ನಮ್ಮ ಮನೆಯ ಮುಂದೆಯೇ ಆಯಿತು.

ಮಗ್ಗದ ಮನೆಯವರಿಗೆ ಗೊತ್ತು, ಹಾಸಿನ ನೂಲನ್ನು ಹಾಗೇ ಮಗ್ಗಕ್ಕೆ ಏರಿಸುವುದಿಲ್ಲ. ಗಂಜಿ ಹಚ್ಚಿ, ಓಣಿಯುದ್ದಕ್ಕೂ ಎಳೆದು ಕಟ್ಟಿ, ಬೆಳಗಿನ ಬಿಸಿಲಿಗೆ ಒಣಗಿಸುತ್ತಾರೆ. ಆಗ ನೂಲು ನುಣುಪೂ ಆಗುತ್ತದೆ, ಗಟ್ಟಿಯೂ ಆಗುತ್ತದೆ. ಆ ಮುಂಜಾನೆ ಅಪ್ಪ ಗಂಜಿ ಹಚ್ಚುತ್ತಿದ್ದುದನ್ನು ಮಾವ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ನೋಡಿದರು. ಅವರ ಕಣ್ಣಿನಲ್ಲಿ ಬೆಳಕು ಮೂಡಿದ್ದು ನನಗೆ ಕಂಡಿತು.

"ಒಣಾ ನೂಲ ಹರೀತೈತಿ. ಸಡಲ ನೂಲ ಎಳಿ ಎಳಿ ಎದ್ದು ನಿಲ್ತೈತಿ. ಗಂಜಿ ಬಿತ್ತಂದ್ರ ಎರಡೂ ಸಮಾ ಆಗತಾವ. ನೂಲಿಗೆ ಆಗೂದು ತೊಗಲಿಗೆ ಯಾಕ ಆಗಬಾರದು?" ಎಂದರು ಮಾವ.

ಹೇಳಿ, ಬೇರೆ ಯಾರಿಗಾದರೂ ಈ ಯೋಚನೆ ಬರುತ್ತದೆಯೇ? ತೊಟ್ಟಿಲಲ್ಲೇ ಮಗ್ಗದ ಸಪ್ಪಳ ಕೇಳಿದವರಿಗೆ ಮಾತ್ರ ಬರಬೇಕು. ಬೋಗುಣಿಯಲ್ಲಿ ಉಳಿದಿದ್ದ ಗಂಜಿಯನ್ನು ನೂಲಿಗೆ ಹಚ್ಚಿದಂತೆಯೇ ಮೇಲಿಂದ ಕೆಳಕ್ಕೆ ಮುಖಕ್ಕೆ ಸವರಿಕೊಂಡು ಬಿಸಿಲಿಗೆ ಎದುರಾಗಿ ಕೂತರು. ಸ್ವಲ್ಪ ಹೊತ್ತಿಗೆಲ್ಲ ಹುಬ್ಬು, ತುಟಿ, ಮೀಸೆ, ಎಲ್ಲವೂ ಸೆಟೆದು ನಿಂತವು.

ಆಗಲೇ ಬರಬೇಕೇ ಪಕ್ಕದ ಮನೆಯಾಕೆ, ಕೈಯಲ್ಲಿ ಸಕ್ಕರೆಯ ತಟ್ಟೆ ಹಿಡಿದು! "ನಮ್ಮ ಹುಡುಗಿ ಲಗ್ನ ಗೊತ್ತಾತ್ರಿ ಅಣ್ಣಾರ. ಜವಳಿ ತಗ್ಯಾಕ ಜಮಖಂಡಿಗೆ ನಿಮ್ಮ ಅಂಗಡಿಗೇ ಬರವ್ರು ನಾವು" ಎಂದಳು. ಮಾವ ನಗಲು ನೋಡಿದರು. ನಗು ಬರಲಿಲ್ಲ. ಬಾಯಿ ತೆರೆಯಲು ನೋಡಿದರು. ಅದೂ ಬರಲಿಲ್ಲ. ಕಲ್ಲಿನ ಬಸವಣ್ಣನಂತೆ ಅವಳನ್ನೇ ದಿಟ್ಟಿಸುತ್ತ "ಊಂ" ಎಂದರು, ಅದೂ ಮೂಗಿನಿಂದ. ಆಕೆ ಸಕ್ಕರೆಯ ತಟ್ಟೆಯನ್ನು ನನ್ನವ್ವನ ಕೈಗಿಟ್ಟು, "ನಮ್ಮ ಸಂತೋಷ ನಿಮ್ಮಣ್ಣಾಗ ಸಹನ ಆಗಲಿಲ್ಲ ಕಾಣಸ್ತೈತಿ" ಎಂದು ಹೊರಟೇ ಹೋದಳು. ಆ ಮದುವೆಯ ಜವಳಿಯೆಲ್ಲ ರಬಕವಿಯಲ್ಲಿ ಖರೀದಿಯಾಯಿತು.

ಅಪ್ಪ ಬಂದು ಮಾವನ ಗಲ್ಲವನ್ನು ಬೆರಳಿನಿಂದ ತಟ್ಟಿ ನೋಡಿದರು. ಟಣ್ ಎಂದಿತು. "ಛಲೋ ಒಣಗೈತಿ. ಮಗ್ಗಕ್ಕ ಏರಸೂನೇನು?" ಎಂದರು. ಬಿಸಿನೀರಿನಲ್ಲಿ ನೆನೆಸಿ ನೆನೆಸಿ ಗಂಜಿ ಬಿಡಿಸುವಾಗ ಎಡಗಡೆಯ ಮೀಸೆ ತುಸು ಕಡಿಮೆಯಾಯಿತು. ಆ ಪೆಟ್ಟಿಗೆ ಮಾವ ಮೆತ್ತಗಾದರು. "ಒಳಗ ಕುಂತು ಮಡಿಕಿ ಹಾಕೂದು ನನ್ನ ಹಣ್ಯಾಗ ಬರದೈತಿ" ಎಂದು ಬಸ್ಸಿನುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತರು.

ಮನೆಗೆ ಬಂದವಳೇ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಅಲ್ರೀ, ದೊಡ್ಡ ಮಗಗೂ ಸಣ್ಣ ಮಗಗೂ ಒಂದ ಅಳತಿ ಅಂಗಿ ಹೊಲಸ್ತೀರೇನು? ಹಣಿಗೆ ಹಣೀದು, ಗಲ್ಲಕ್ಕ ಗಲ್ಲದ್ದು. ಮುಂಜಾನಿ ಸಂಜಿಕ ಉಗುರು ಬೆಚ್ಚನ ನೀರಾಗ ಮಾರಿ ತೊಳೀರಿ. ಹಣಿ, ಮೂಗು, ಗದ್ದಕ್ಕಷ್ಟ ಕಡ್ಲಿಹಿಟ್ಟು ಹಚ್ಚಿ ತಿಕ್ಕರಿ. ಗಲ್ಲಕ್ಕ ಸೋಪ ಮುಟ್ಟಸಬ್ಯಾಡ್ರಿ. ಪಸಿ ಆರೂದ್ರಾಗ ಗಲ್ಲಕ್ಕಷ್ಟ ಒಂದ ಹನಿ ಕೊಬ್ಬರಿಎಣ್ಣಿ. ಬಿಸಲಾಗ ಹೋಗೂ ಮುಂದ ಛತ್ರಿ. ಇದರ ಮ್ಯಾಲ ಮತ್ತೇನರ ಹಚ್ಚಿದ್ರೋ, ನಾ ನಮ್ಮ ತವರಮನಿಗಿ ಹೊಕ್ಕೇನಿ."

"ಇಷ್ಟ ಏನು?" ಮಾವನಿಗೆ ನಿರಾಸೆಯಾಯಿತು. ಒಂದಿಷ್ಟಾದರೂ ಕಾಟ ಕೊಡದ ಮದ್ದು ನಾಟುವುದಾದರೂ ಹೇಗೆ ಎಂಬುದು ಅವರ ವಾದ. ಆದರೆ ಅತ್ತೆ ಎದುರಿಗೇ ನಿಂತು ತೊಳೆಸುತ್ತಿದ್ದಳು. ಬೆರಳು ಮೂಗಿನಿಂದ ಗಲ್ಲದ ಕಡೆ ಜಾರಿದರೆ "ಹಾಂ, ಗಡಿ ದಾಟಾಕತ್ತೀರಿ" ಎಂದು ಗದರಿಸುತ್ತಿದ್ದಳು. ಬರಬರುತ್ತ ಪುಡಿ ಉದುರುವುದು ನಿಂತಿತು. ಬೋಂಡಾ ಹೋಗಿ ಮೂಗು ಚಪಾತಿಯ ಹದಕ್ಕೆ ಬಂತು. ಅಷ್ಟೇ. ಕಪ್ಪು ಬಣ್ಣ ಕಪ್ಪಾಗಿಯೇ ಉಳಿಯಿತು, ಸುಕ್ಕು ಸುಕ್ಕಾಗಿಯೇ ಉಳಿಯಿತು, ನಲವತ್ತೆಂಟು ಕೂಡ ನಲವತ್ತೆಂಟಾಗಿಯೇ ಉಳಿಯಿತು.

ಯುಗಾದಿ ಬಂತು. ಮಾವ ಹೊಸ ಧೋತರ ಉಟ್ಟು, ತಮ್ಮ ಹೊಸ ಗಲ್ಲಗಳನ್ನು ತೆಗೆದುಕೊಂಡು ಅಂಗಡಿಗೆ ಹೋದರು. ಸಾಹುಕಾರರು ನೋಡಿದರು, "ಛಲೋ ಆಗೈತಿ" ಎಂದರು, ಒಳಗಿನ ಕೋಣೆಯ ಕಡೆ ಕೈ ತೋರಿಸಿದರು. ಗಾದಿಯ ಮೇಲೆ ತಂಗಿಯ ಮಗ ಆಗಲೇ ನೆರಿಗೆ ಹಿಡಿದು ನಿಂತಿದ್ದ. ಮಾವ ಒಳಗೆ ಹೋಗಿ ಕೂತರು.

ಕೆಲವು ದಿನಗಳ ನಂತರ ಕಾಲೇಜಿಗೆ ರಜೆಯಿದ್ದಾಗ ನಾನು ಮಧ್ಯಾಹ್ನದ ಬುತ್ತಿ ಕೊಡಲು ಅಂಗಡಿಗೆ ಹೋಗಿದ್ದೆ. ಸಾವಳಗಿ ಕಡೆಯ ಒಂದು ಮನೆಯವರು ಮಗಳ ಮದುವೆಯ ಜವಳಿಗೆಂದು ಬಂದಿದ್ದರು. ಮಗಳಿಗೆ, ಬೀಗರಿಗೆ, ನಾದಿನಿಯರಿಗೆ ಎಲ್ಲ ಮುಗಿದು ಕೊನೆಗೆ ತಾಯಿಯ ಸರದಿ ಬಂತು. "ನನಗ ಯಾವುದರ ಒಂದ ಕೊಡ್ರಿ" ಎಂದಳು ಆಕೆ. ಮಗಳು ಬಿಡಲಿಲ್ಲ, ನೀನೇ ಆರಿಸಬೇಕೆಂದು ಹಟ ಹಿಡಿದಳು. ಹುಡುಗ ದಾಳಿಂಬೆ ಬಣ್ಣದ್ದು ಹೊದ್ದು ತೋರಿಸಿದ. ಆಕೆ ಬೇಡವೆಂದು ತಲೆಯಾಡಿಸಿದಳು. ಗಿಣಿಹಸಿರು ತೋರಿಸಿದ. ಅದಕ್ಕೂ ತಲೆಯಾಡಿಸಿದಳು. ನಾನು ಆಕೆಯನ್ನು ನೋಡಿದೆ. ಬಸ್ಸಿನ ಸೆಕೆಗೆ ಹಣೆ, ಮೂಗು ಹೊಳೆಯುತ್ತಿದ್ದವು. ಹೊಲದ ಗಾಳಿಗೆ ಗಲ್ಲ ಬಿರಿದು ಬೆಳ್ಳಗಾಗಿತ್ತು. ಕಪ್ಪಗಿನ, ದಣಿದ, ನಲವತ್ತು ದಾಟಿದ ಮುಖ.

ಆಕೆ ಒಳಕೋಣೆಯ ಬಾಗಿಲಲ್ಲಿ ಕೂತು ಮಡಿಕೆ ಹಾಕುತ್ತಿದ್ದ ಮಾವನ ಕಡೆ ಬೆರಳು ತೋರಿಸಿದಳು. "ಆ ಅಣ್ಣಾರಿಗೆ ಹೊದಿಯಾಕ ಹೇಳ್ರಿ."

"ಯಾಕಬೇ, ನಾ ಹೊದ್ರ ಛಲೋ ಕಾಣಸೂದಿಲ್ಲೇನು?" ಎಂದ ಹುಡುಗ.

"ನಿನಗ ಎಲ್ಲಾ ಛಲೋ ಕಾಣಸ್ತಾವಪಾ. ನಿನ್ನ ನೋಡಿ ಒಯ್ದು, ಮನ್ಯಾಗ ನಾ ಉಟ್ಟಾಗ ಅಳು ಬರತೈತಿ. ಅವರ ಮಾರಿ ನಮ್ಮಂಥಾದ್ದೈತಿ. ಅವರಿಗೆ ಒಪ್ಪಿದ್ರ ನನಗೂ ಒಪ್ಪತೈತಿ."

ಸಾಹುಕಾರರು ಹುಡುಗನನ್ನು ನೋಡಿದರು, ಆಕೆಯನ್ನು ನೋಡಿದರು, ಕೊನೆಗೆ ಮಾವನನ್ನು ನೋಡಿ "ಬರ್ರಿ" ಎಂದರು.

ಮಾವ ಎದ್ದು ಬಂದರು. ದಾಳಿಂಬೆಯನ್ನೂ ಮುಟ್ಟಲಿಲ್ಲ, ಹಸಿರನ್ನೂ ಮುಟ್ಟಲಿಲ್ಲ. ಆಕೆಯ ಮುಖವನ್ನು ಒಂದು ಗಳಿಗೆ ನೋಡಿ, ಕಪಾಟಿನ ಮೇಲಿನ ಸಾಲಿನಿಂದ ಅರಿಷಿಣ ಅಂಚಿನ ಬದನೆಕಾಯಿ ಬಣ್ಣದ ಸೀರೆ ತೆಗೆದರು.

"ನಮ್ಮಂಥ ಕರ್ರಗಿನವರು ಇಂಥಾ ಬಣ್ಣ ಉಡಬಾರದಂತಾರಲ್ರಿ" ಎಂದಳು ಆಕೆ.

"ಅನ್ನವ್ರು ಉಟ್ಟ ನೋಡಿಲ್ಲ ತಂಗಿ. ನಾ ಉಟ್ಟ ನೋಡೇನಿ."

ಸೀರೆ ಸುತ್ತಿ, ಸೆರಗು ಹೊದ್ದು ಮಾವ ಟ್ಯೂಬ್‌ಲೈಟಿನ ಕೆಳಗೇ ಬಂದು ನಿಂತರು. ಎರಡು ಹೆಜ್ಜೆ ನಡೆಯಲಿಲ್ಲ, ನಾಚಲಿಲ್ಲ, ಯಾರೂ ನಗಲಿಲ್ಲ. ಆಕೆ ಬಹಳ ಹೊತ್ತು ನೋಡಿದಳು.

"ನಾ ಉಟ್ರೂ ಹಿಂಗ ಕಾಣಸ್ತೈತೇನ್ರಿ?"

"ಇಲ್ಲವ್ವಾ" ಎಂದರು ಮಾವ. "ನನಗಿಂತ ಛಲೋ ಕಾಣಸ್ತೈತಿ."

ಆಕೆ ನಕ್ಕಳು. ಸೀರೆಯನ್ನು ಕಾಗದದಲ್ಲಿ ಸುತ್ತಲು ಬಿಡದೆ ಹಾಗೆಯೇ ಎದೆಗವಚಿಕೊಂಡು ಮೆಟ್ಟಿಲಿಳಿದಳು. ಅಷ್ಟು ವರ್ಷ ದಿನವೂ ನೋಡಿದ್ದ ಮಾವನ ಮುಖವನ್ನು ಅಂದು ನಾನು ಮತ್ತೊಮ್ಮೆ ನೋಡಿದೆ. ಎಷ್ಟು ಚೆಂದದ ಮುಖ ಅದು!